ಕುಗ್ಗಿದ ಜೂಲ್

ಏಳುಗುಂಡು, ಕೃಷ್ಣೆ ಹರಿಯುತ್ತಿದ್ದ ದಂಡೆ
ಉರಿಗಾಲದ ಎರಡನೆಯ ತಿಂಗಳು, ಕ್ರಿ.ಶ. ೨೩೧೭

ನಮಗಿಂತ ಮೊದಲು ಬಾಳಿದ ಹಿರಿಯರಿಗೆ,

ನಿಮ್ಮ ಲೆಕ್ಕದಲ್ಲಿ ಇನ್ನೂ ಹುಟ್ಟದ ಹೆಂಗಸೊಬ್ಬಳು ನಮಸ್ಕರಿಸಿ ಬರೆಯುತ್ತಿದ್ದಾಳೆ. ಮೇಲಿನ ತಾರೀಖು ಕಂಡು ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದ ಬದಿಗಿಡಬೇಡಿ. ನಿಮ್ಮ ಕಾಲದ ಬರವಣಿಗೆಯನ್ನು ಓದಿಯೇ ನಾನು ಬರೆಯಲು ಕಲಿತವಳು. ಆದರೂ ನಡುನಡುವೆ ನಮ್ಮ ಕಾಲದ ಮಾತು ನುಸುಳುತ್ತದೆ, ಮನ್ನಿಸಬೇಕು. ಈ ಕಾಗದ ಯಾವ ದಾರಿಯಿಂದ ನಿಮ್ಮನ್ನು ಮುಟ್ಟೀತೆಂಬುದು ನನಗೆ ಗೊತ್ತಿಲ್ಲ. ನನ್ನ ಹೆಸರು ಸೂಗಮ್ಮ. ಏಳುಗುಂಡಿನಲ್ಲಿ ವೈದ್ಯೆ.

ನಮ್ಮೂರು ನಿಮ್ಮ ರಾಯಚೂರಿನ ಸೀಮೆಯಲ್ಲಿದೆ. ಊರ ಸುತ್ತ ಆನೆಗಾತ್ರದ ಬಂಡೆಗಳು. ನೀವು ಬೇಸಿಗೆ ಎನ್ನುತ್ತಿದ್ದುದನ್ನು ನಾವು ಉರಿಗಾಲ ಎನ್ನುತ್ತೇವೆ. ಆ ತಿಂಗಳುಗಳಲ್ಲಿ ಹೊತ್ತು ಏರಿದ ಮೇಲೆ ಬಯಲಲ್ಲಿ ನಿಂತವರು ಬದುಕುವುದಿಲ್ಲ. ಅದಕ್ಕೇ ಬಂಡೆಗಳ ಬುಡ ಕೊರೆದು ತಂಪುಮನೆ ಮಾಡಿಕೊಂಡಿದ್ದೇವೆ. ಬೆಳಗಿನ ಅಡುಗೆ ಮುಗಿಸಿ ಇಡೀ ಊರು ಅದರೊಳಗೆ ಸೇರುತ್ತದೆ. ಹೆಂಗಸರು ಕೌದಿ ಹೊಲಿಯುತ್ತಾರೆ, ಮಕ್ಕಳು ಮಗ್ಗಿ ಒಪ್ಪಿಸುತ್ತವೆ, ಮುದುಕರು ಗೋಡೆಗೊರಗಿ ತೂಕಡಿಸುತ್ತಾರೆ. ಯಂತ್ರವೊಂದು ನಮ್ಮ ಮೈಗಳ ಕಾವನ್ನು ಹೀರಿ ಹೊರಗೆ ಚೆಲ್ಲುತ್ತಿರುತ್ತದೆ. ಹೊತ್ತು ಮುಳುಗಿದ ಮೇಲೆ ಎಲ್ಲರೂ ಹೊರಗೆ ಬಂದು ಹೊಲಕ್ಕೋ ನೀರಿಗೋ ಹೋಗುತ್ತೇವೆ. ಆ ಯಂತ್ರಕ್ಕೆ ವಿದ್ಯುತ್ತು, ನಮಗೆ ಅಂಬಲಿಯ ಪುಡಿ, ಎರಡನ್ನೂ ಕೊಡುವುದು ಬೆಳಗುಮಂಡಳಿ. ಬಿಸಿಲಿನಿಂದ ಶಕ್ತಿ ಹಿಡಿಯುವ ಬಯಲುಗಳೆಲ್ಲ ಅವರ ವಶದಲ್ಲಿವೆ; ದೂರದ ಪಟ್ಟಣದಲ್ಲಿ ಕುಳಿತು ಊರೂರಿಗೆ ಪಾಲು ಹಂಚುತ್ತಾರೆ.

ಪಾಲಿನ ಅಳತೆ ಜೂಲ್. ಶಕ್ತಿಯನ್ನು ಅಳೆಯಲು ನಿಮ್ಮ ಶಾಲೆಗಳಲ್ಲಿ ಹೇಳಿಕೊಡುತ್ತಿದ್ದ ಅದೇ ಜೂಲ್. ನಮ್ಮ ಬಾಯಲ್ಲಿ ಅದು ಜೂಲಿ ಆಗಿದೆ. ದಣಿದವರು "ಮೈಯಾಗ ಜೂಲಿ ಇಲ್ಲ" ಅನ್ನುತ್ತಾರೆ. ಜೂಲಿ ಎಂದರೆ ಏನೆಂದು ಕೇಳಿದರೆ ಎಲ್ಲರೂ ತಂಪುಮನೆಯ ಬಾಗಿಲಲ್ಲಿರುವ ಮಂಡಳಿಯ ಫಲಕದ ಕಡೆ ಬೆರಳು ತೋರಿಸುತ್ತಾರೆ. ಅದರ ಮೇಲೆ ಮೂಡುವ ಅಂಕಿಯೇ ಜೂಲಿ, ಅದಕ್ಕಿಂತ ಹೆಚ್ಚು ಯಾರಿಗೂ ಬೇಕಾಗಿರಲಿಲ್ಲ.

ನನಗೆ ಬೇಕಾಯಿತು, ಏಕೆಂದರೆ ಊರು ಸೊರಗುತ್ತಿತ್ತು. ಬಾಣಂತಿಯರ ಎದೆ ಬತ್ತುತ್ತಿತ್ತು. ಗಟ್ಟಿಮುಟ್ಟಾದ ಗಂಡಸರ ಪಕ್ಕೆಲುಬು ಎಣಿಸುವ ಹಾಗಾಗಿತ್ತು. ಹೊಟ್ಟೆಯ ಹುಳು ಇರಬೇಕೆಂದು ಔಷಧಿ ಕೊಟ್ಟೆ, ನೀರು ಕೆಟ್ಟಿರಬೇಕೆಂದು ಕಾಯಿಸಿ ಕುಡಿಯಲು ಹೇಳಿದೆ. ಏನೂ ನಾಟಲಿಲ್ಲ. ಪುಡಿಯ ಪೊಟ್ಟಣದ ಮೇಲೆ ಮಾತ್ರ ಎಂದಿನ ಹಾಗೆ ಆಳಿಗೆ ದಿನಕ್ಕೆ ತೊಂಬತ್ತು ಲಕ್ಷ ಜೂಲ್ ಎಂದೇ ಅಚ್ಚಾಗಿರುತ್ತಿತ್ತು. ಅಷ್ಟು ಉಂಡವರು ಬಡವಾಗಬಾರದು. ಸುಮ್ಮನೆ ಕುಳಿತ ಮನುಷ್ಯನ ಮೈ ಸೆಕೆಂಡಿಗೆ ಸುಮಾರು ನೂರು ಜೂಲ್ ಕಾವು ಬಿಡುತ್ತದೆ ಎಂದು ನನಗೆ ವಿದ್ಯೆ ಕಲಿಸಿದವರು ಹೇಳಿದ್ದರು. ಇಡೀ ದಿನಕ್ಕೆ ಕೂಡಿಸಿದರೆ ಹೆಚ್ಚುಕಡಿಮೆ ಉಂಡಷ್ಟೇ ಆಗುತ್ತದೆ. ಅನ್ನದಲ್ಲಿರುವುದು, ಮೈಕಾವಿನಲ್ಲಿರುವುದು, ತಂತಿಯಲ್ಲಿ ಹರಿಯುವುದು, ನೀರು ಸೇದುವ ರಟ್ಟೆಯಲ್ಲಿರುವುದು ಎಲ್ಲವೂ ಒಂದೇ, ಎಲ್ಲಕ್ಕೂ ಅಳತೆ ಒಂದೇ ಎಂಬುದು ನನಗೆ ಪಾಠವಾಗಿ ಗೊತ್ತಿತ್ತು. ಅದರ ಭಯಂಕರ ಅರ್ಥ ಇಮಾಂಬಿಯ ವಿಚಾರಣೆಯ ತನಕ ತಲೆಗೆ ಹೋಗಿರಲಿಲ್ಲ.

ಇಮಾಂಬಿ ತಂಪುಮನೆಯ ಯಂತ್ರ ನೋಡಿಕೊಳ್ಳುತ್ತಿದ್ದಳು. ನಮ್ಮ ಪಕ್ಕದ ಮನೆಯವಳು, ನನಗಿಂತ ಚಿಕ್ಕವಳು, ಮಾತು ಜೋರು. ಈ ಉರಿಗಾಲದ ಮೊದಲ ತಿಂಗಳು, ಎಂದೂ ಇಲ್ಲದಂತೆ ಬಿಸಿಲು ಕಾದ ಒಂದು ದಿನ, ಹೊತ್ತು ಇನ್ನೂ ನೆತ್ತಿಯಿಂದ ಇಳಿಯುತ್ತಿರುವಾಗಲೇ ಯಂತ್ರ ನಿಂತಿತು. ಅಂದಿನ ಪಾಲು ಮುಗಿದಿತ್ತು. ಕಲ್ಲಿನ ಗುಹೆಯಲ್ಲಿ ಊರಿನವರೆಲ್ಲರ ಮೈಕಾವು ತುಂಬಿಕೊಂಡಿತು. ಬಾಗಿಲು ತೆರೆದರೆ ಹೊರಗಿನ ಗಾಳಿ ಅದಕ್ಕಿಂತ ಬಿಸಿ. ನಾನು ಒದ್ದೆ ಬಟ್ಟೆ ಹಿಡಿದು ಒಬ್ಬರಿಂದ ಒಬ್ಬರಿಗೆ ಓಡಿದೆ. ಸಂಜೆಯ ಹೊತ್ತಿಗೆ ಮುದುಕರು ಹಲವರು, ಎಳೆಗೂಸುಗಳು ಕೆಲವು, ಉಳಿಯಲಿಲ್ಲ.

ಮಂಡಳಿಯಿಂದ ವಿಶ್ವಂಭರ ಎಂಬ ತನಿಖಾಧಿಕಾರಿ ಬಂದರು. ಮೃದುವಾಗಿ ಮಾತಾಡುವ ಮನುಷ್ಯ. ಲೆಕ್ಕ ಹಾಕಿ ತೋರಿಸಿದರು: ಕೊಟ್ಟ ಪಾಲು ಎಂಥ ಬಿಸಿಲಿನಲ್ಲೂ ಸಂಜೆಯವರೆಗೆ ಸಾಲಬೇಕು. ಸಾಲಲಿಲ್ಲ ಎಂದರೆ ನಡುವೆ ಯಾರೋ ಕದ್ದಿದ್ದಾರೆ. ಯಂತ್ರದ ಹತ್ತಿರ ಹೋಗುವವಳು ಒಬ್ಬಳೇ.

"ಯಕ್ಕಾ, ನಮ್ಮವ್ವನ ಆಣಿ, ನಾ ಒಂದ್ ಜೂಲಿನೂ ಮುಟ್ಟಿಲ್ಲ," ಎಂದಳು ಇಮಾಂಬಿ ನನ್ನ ಕೈ ಹಿಡಿದು. "ಸತ್ತವರಾಗ ನಮ್ಮತ್ತಿನೂ ಇದ್ದಳಲ್ಲ. ನಾ ಕದ್ದು ಯಾರಿಗಿ ಕೊಡ್ಲಿ?"

ಆ ಮಾತು ಕೇಳುವಾಗ ನನಗೆ ಹೊಳೆಯಿತು. ಮನುಷ್ಯರ ಮೈ ಬದಲಾಗಿಲ್ಲ. ತೊಂಬತ್ತು ಲಕ್ಷ ಉಂಡೂ ಸೊರಗುತ್ತಿದ್ದೇವೆ. ಸಾಲಲೇಬೇಕಾದ ಪಾಲು ಸಾಲಲಿಲ್ಲ. ಕಳ್ಳತನವಾಗಿದ್ದರೆ ಪೊಟ್ಟಣದೊಳಗೂ ಕೈ ಹಾಕಿದ ಕಳ್ಳ ಬೇಕು. ಹಾಗಿಲ್ಲದಿದ್ದರೆ ಅಳತೆಯೇ ಬದಲಾಗಿರಬೇಕು.

ಆರೋಪ ಹೊತ್ತವರ ಪರವಾಗಿ ಯಾರು ಬೇಕಾದರೂ ಮಾತಾಡಬಹುದೆಂಬ ನಿಯಮವಿದೆ. ವಿಚಾರಣೆಯ ಬೆಳಗಿನ ಸಭೆಗೆ ನಾನು ಒಂದು ಗಡಿಗೆ, ಕಾಯಿಸುವ ಸುರುಳಿ, ಜ್ವರಕ್ಕೂ ಕುದಿನೀರಿಗೂ ಆಗುವ ನನ್ನ ದವಾಖಾನೆಯ ಉಷ್ಣಮಾಪಕ ತಂದೆ. ಗಡಿಗೆಗೆ ಒಂದು ಲೀಟರು ನೀರು ಹಾಕಿ, ಕಾವು ಹೊರಹೋಗದಂತೆ ಸುತ್ತ ಹತ್ತಿ ತುಂಬಿ ಕಂಬಳಿ ಸುತ್ತಿದೆ. ಒಂದು ಲೀಟರು ನೀರನ್ನು ಒಂದು ಡಿಗ್ರಿ ಏರಿಸಲು ನಾಲ್ಕು ಸಾವಿರದ ಇನ್ನೂರು ಜೂಲ್ ಬೇಕು. ಇದನ್ನು ಯಾವ ಮಂಡಳಿಯೂ ಗೊತ್ತು ಮಾಡಿದ್ದಲ್ಲ, ನೀರಿನ ಗುಣವೇ ಅದು. ನೀರು ಆಗ ಮೂವತ್ತೈದರಲ್ಲಿತ್ತು. ಸುರುಳಿಯನ್ನು ತಂಪುಮನೆಯ ತಂತಿಗೆ ಜೋಡಿಸಿ, ಮಂಡಳಿಯ ಫಲಕ ನೋಡುತ್ತ ಎರಡು ಲಕ್ಷ ಹತ್ತು ಸಾವಿರ ಜೂಲ್ ಹರಿಸಿದೆ. ಐವತ್ತು ಡಿಗ್ರಿ ಏರಿ ಎಂಬತ್ತೈದಕ್ಕೆ ಬರಬೇಕಿತ್ತು. ಅರವತ್ತೈದಕ್ಕೆ ನಿಂತಿತು.

"ಬಿಸಿ ಗಾಳಿಗೆ ಹೋಗಿರುತ್ತದೆ," ಎಂದರು ವಿಶ್ವಂಭರ.

ಇನ್ನಷ್ಟು ಹತ್ತಿ ತುಂಬಿ, ಇನ್ನೊಂದು ಕಂಬಳಿ ಹೊದಿಸಿ ಮತ್ತೆ ಮಾಡಿದೆ. ಕೂದಲೆಳೆಯಷ್ಟು ವ್ಯತ್ಯಾಸ ಬಂತು, ಅಷ್ಟೇ. ಮಂಡಳಿ ಕೊಡುವ ಜೂಲ್ ನಿಜವಾದ ಜೂಲಿನ ಐದರಲ್ಲಿ ಮೂರು ಪಾಲು ಮಾತ್ರ ಎಂದು ಸಭೆಗೆ ಹೇಳಿದೆ. ಪೊಟ್ಟಣದ ಮೇಲಿನ ತೊಂಬತ್ತು ಲಕ್ಷವೂ ನಿಜಕ್ಕೆ ಐವತ್ತನಾಲ್ಕು ಲಕ್ಷವೇ ಎಂದೆ. ಅಧಿಕಾರಿ ಬೆಚ್ಚಿಬೀಳುತ್ತಾರೆ, ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ಒರೆಸಿಕೊಂಡರು.

"ನೀವು ಅಳೆದದ್ದು ಸರಿಯಾಗಿದೆ, ಡಾಕ್ಟರೇ. ಬಿಸಿಲುಬಯಲುಗಳು ಹಳತಾದವು, ಜನ ಹೆಚ್ಚಾದರು. ಪಾಲು ಕಡಿಮೆ ಮಾಡಿದರೆ ಊರೂರಲ್ಲಿ ದಂಗೆ ಏಳುತ್ತಿತ್ತು. ಅದಕ್ಕೆ ಮಂಡಳಿ ಜೂಲನ್ನು ಹಂತಹಂತವಾಗಿ ಮರುಹೊಂದಿಸಿತು. ಅಂಕಿ ಹಾಗೆಯೇ ಉಳಿಯಿತು, ಜನ ನೆಮ್ಮದಿಯಾಗಿದ್ದರು. ಕಾಯಿದೆಯ ಪ್ರಕಾರ ಮಂಡಳಿ ಹೇಳಿದ್ದೇ ಜೂಲ್."

"ಹಂಗಾದ್ರ ಇಮಾಂಬಿ ತಪ್ಪೇನದರಿ?" ಎಂದೆ.

"ಕಾಯಿದೆಯ ಪ್ರಕಾರ ಪಾಲು ಪೂರ್ತಿ ಕೊಟ್ಟಾಗಿದೆ. ಜನ ಸತ್ತಿದ್ದಾರೆ. ಯಾರದೂ ತಪ್ಪಿಲ್ಲ ಎಂದು ವರದಿ ಬರೆಯಲು ಬರುವುದಿಲ್ಲ."

ಶಿಕ್ಷೆ ನೆರಳುಗೇಡು. ಹಾಗೆಂದರೆ ಉರಿಗಾಲ ಮುಗಿಯುವವರೆಗೆ ಯಾವ ಊರಿನ ತಂಪುಮನೆಯೂ ಅಪರಾಧಿಗೆ ಬಾಗಿಲು ತೆರೆಯುವಂತಿಲ್ಲ. ತೆರೆದ ಊರಿನ ತಂತಿ ಕಡಿಯುತ್ತಾರೆ. ನಾನು ಊರ ಹಿರಿಯ ಅಮರಗುಂಡಪ್ಪನವರ ಕಾಲು ಹಿಡಿದೆ. ಅವರು ನನ್ನನ್ನು ಎಬ್ಬಿಸಿ, ಮುಖ ನೋಡಲಾರದೆ ಹೇಳಿದರು: "ನೀ ಹೇಳಿದ್ದು ಖರೆ ಅದ ತಂಗಿ. ಎಲ್ಲಾರಿಗೂ ತಿಳದದ. ಆದ್ರ ಒಬ್ಬಾಕಿ ಸಲುವಾಗಿ ಇಡೀ ಊರ ಬಿಸಿಲಿಗಿ ಹಾಕ್ಲೇನು? ಕೂಸುಗಳಿಗಿ ಏನಂತ ಹೇಳ್ಲಿ?" ನಾನು ಹೋಗಿ ಇಮಾಂಬಿಯ ಪಕ್ಕದಲ್ಲಿ ನಿಂತೆ.

ಜನ ಒಳಗೆ ಹೋದರು. ಇಮಾಂಬಿಯ ಮಗಳು ಹಸೀನಾಳನ್ನು ನಾಲ್ಕು ಹೆಂಗಸರು ಹಿಡಿದು ಎಳೆದೊಯ್ದರು. ಬಾಗಿಲು ಮುಚ್ಚಿದ ಮೇಲೆ ಹೊರಗೆ ನಾವಿಬ್ಬರೇ. ಹಳೆಯ ಕಲ್ಲುಗಣಿಯ ತಳದಲ್ಲಿ ತೇವ ಇರುತ್ತದೆ, ಅಲ್ಲಿಗೆ ಮುಟ್ಟಿದರೆ ಬದುಕಬಹುದೆಂದು ಇಬ್ಬರೂ ಒದ್ದೆ ಕೌದಿ ಹೊದ್ದು ಹೊರಟೆವು. ಕೌದಿ ಅರ್ಧ ದಾರಿಯಲ್ಲೇ ಒಣಗಿತು. ಇಮಾಂಬಿ ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ಬೆವರುವುದು ನಿಂತಿತು. ಅದರ ಅರ್ಥ ನನಗೆ ಗೊತ್ತಿತ್ತು. ಗಣಿಯ ಅಂಚಿನಲ್ಲಿ ಕುಸಿದವಳನ್ನು ತೊಡೆಯ ಮೇಲೆ ಹಾಕಿಕೊಂಡು, ಕುಡಿಯಲೆಂದು ತಂದ ನೀರನ್ನೆಲ್ಲ ಅವಳ ತಲೆಗೆ ಸುರಿದೆ.

"ಯಕ್ಕಾ, ನಿನ್ನ ಗಡಿಗಿ ನೀರು ಎಷ್ಟಕ್ಕ ನಿಂತಿತ್ತು?"

"ಅರವತ್ತೈದಕ್ಕ."

"ಎಂಬತ್ತೈದು ಆಗಬೇಕಿತ್ತಲ್ಲ?"

"ಹೌದವ್ವಾ."

"ಹಂಗಾರ ನಾ ಕಳ್ಳಿ ಅಲ್ಲ. ಹಸೀನಾಗ ಹೇಳು."

ಅವಳನ್ನು ಗಣಿಯ ತಳಕ್ಕೆ ಇಳಿಸುವಷ್ಟರಲ್ಲಿ ಜೀವ ಹೋಗಿತ್ತು. ಅವಳ ಪಕ್ಕದಲ್ಲೇ ಆ ತೇವದಲ್ಲಿ ಕುಳಿತು ನಾನು ಉಳಿದೆ.

ಹಸೀನಾಳಿಗೆ ಹೇಳಿದೆ. ಅವಳು ಅಳಲಿಲ್ಲ. ಮರುವಾರ ಊರ ನಡುವೆ ಗಡಿಗೆ ಇಟ್ಟು, ಎಲ್ಲರೂ ನೋಡುವಂತೆ ನೀರು ಕಾಯಿಸಿ, ನಿಜವಾದ ಪಾಲು ಎಷ್ಟೆಂದು ಮಂಡಳಿಯ ಫಲಕದ ಪಕ್ಕದಲ್ಲಿ ಸುಣ್ಣದಿಂದ ಬರೆದಳು. ಆಮೇಲೆ ಬೇರೆ ಹೆಂಗಸರೂ ಜೊತೆಯಾದರು, ಪಕ್ಕದ ಊರುಗಳಿಂದ ಕಲಿಯಲು ಬಂದರು. ಇಮಾಂಬಿಗೆ ಬಾಗಿಲು ಮುಚ್ಚಿದವರೇ ಈಗ ಗಡಿಗೆಯ ಸುತ್ತ ಮೊದಲು ಬಂದು ಕೂರುತ್ತಾರೆ. ತಿಳಿದುಕೊಂಡದ್ದರಿಂದ ನಮ್ಮ ಹೊಟ್ಟೆ ತುಂಬಿಲ್ಲ. ಎಷ್ಟು ಹೊತ್ತು ತಂಪು ಉಳಿಯುತ್ತದೆಂಬುದು ಮಾತ್ರ ಮೊದಲೇ ಗೊತ್ತಾಗುತ್ತದೆ, ಸಾಲದ ದಿನ ಮುದುಕರನ್ನೂ ಕೂಸುಗಳನ್ನೂ ಹೊತ್ತು ಏರುವ ಮುಂಚೆಯೇ ಗಣಿಗೆ ಇಳಿಸುತ್ತೇವೆ.

ಹಿರಿಯರೇ, ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಕಾಲದಲ್ಲಿ ಜೂಲ್ ಇನ್ನೂ ಕುಗ್ಗಿಲ್ಲ. ಒಂದು ಸಣ್ಣ ಪೇರಲಹಣ್ಣನ್ನು, ನೂರು ಗ್ರಾಂ ತೂಗುವಂಥದ್ದನ್ನು, ನೆಲದಿಂದ ಒಂದು ಮೀಟರು ಎತ್ತರಕ್ಕೆ, ಬೆಳೆದವರ ಸೊಂಟದ ಮಟ್ಟಕ್ಕೆ ಎತ್ತಿದರೆ ಹೆಚ್ಚುಕಡಿಮೆ ಒಂದು ಜೂಲ್ ಖರ್ಚಾಗುತ್ತದೆ. ನಿಮ್ಮ ಮಕ್ಕಳ ಕೈಯಲ್ಲಿ ಆ ಹಣ್ಣು ಎತ್ತಿಸಿ. ನೀರು ಕಾಯಿಸಿ ತೋರಿಸಿ. ಪರೀಕ್ಷೆಗೆ ಉರು ಹೊಡೆಸಿ ಬಿಟ್ಟುಬಿಡಬೇಡಿ. ನಿಮ್ಮವರು ಹಾಗೆ ಬಿಟ್ಟದ್ದರಿಂದಲೇ ನಮ್ಮವರಿಗೆ ಅದು ಗೋಡೆಯ ಮೇಲಿನ ಅಂಕಿಯಾಗಿ ಬಂತು.

ನಿನ್ನೆ ಮಂಡಳಿಯ ಹೊಸ ಆಜ್ಞೆ ಬಂದಿದೆ. ಬರುವ ವರ್ಷದಿಂದ ಸೆಕೆಂಡನ್ನೂ ಮರುಹೊಂದಿಸುತ್ತಾರಂತೆ. ಖಾಸಗಿಯವರ ತಕ್ಕಡಿ, ಅಳತೆಪಟ್ಟಿ, ಉಷ್ಣಮಾಪಕಗಳನ್ನೆಲ್ಲ ಒಪ್ಪಿಸಬೇಕಂತೆ, ದವಾಖಾನೆಯವೂ ಸೇರಿ. ಅವರ ಗಾಡಿ ಊರ ಹೊರಗೆ ಬಂದು ನಿಂತಿದೆ. ಒಳಗೆ ಒಂದು ಹೆಣ್ಣುಕೂಸು ಎರಡು ದಿನದಿಂದ ಜ್ವರದಲ್ಲಿ ಮಲಗಿದೆ. ಎಷ್ಟು ಜ್ವರ ಎಂದು ಅದರ ತಾಯಿ ಕೇಳುತ್ತಿದ್ದಾಳೆ. ನಾಳೆ ಕೇಳಿದರೆ ಹಣೆ ಮುಟ್ಟಿ ನೋಡಿ, ಬಹಳ ಅದ, ಎಂದಷ್ಟೇ ಹೇಳಬೇಕು.

ನಿಮ್ಮ ಮುಂದಿನವಳು,
ಸೂಗಮ್ಮ