ಸೀರೆಯಂಚು ಕಟ್ಟಿದ ಚೀಲಗಳು

ಲಿಂಗಸುಗೂರು
ಶುಕ್ರವಾರ, 14 ನವೆಂಬರ್ 2025

ರೇಣುಕಾ,

ನಿನ್ನ ಸಿಟ್ಟು ಇಳಿದಿಲ್ಲವೆಂದು ಗೊತ್ತು. ನಾಲ್ಕು ದಿನದಿಂದ ನನ್ನ ಫೋನ್ ಎತ್ತಿಲ್ಲ. ಮಸ್ಕಿಗೆ ಹೊರಟಿರುವ ಶಾಕೀರಾಳ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ, ಓದದೆ ಒಲೆಗೆ ಹಾಕಬೇಡ. ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಅನ್ನವೂ ತಳ ಹಿಡಿಯಿತು.

ನಮ್ಮ ಓಣಿಯಲ್ಲಿ ಈಗ ಹಸಿ ಕಸ, ಒಣ ಕಸ ಎಂದು ಬೇರೆ ಮಾಡುವವರೇ ಇಲ್ಲ. ಹಾಲಿನ ಪಾಕೀಟಿನ ಮೂಲೆ ಪೂರ್ತಿ ಕತ್ತರಿಸಬಾರದು, ತೊಳೆದು ಒಣಗಿಸಬೇಕು ಎಂದು ನೀನು ವಿಡಿಯೋ ಮಾಡಿ ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದೆಯಲ್ಲ, ಅದನ್ನು ನೋಡಿಯೇ ಎಲ್ಲರೂ ಕಲಿತದ್ದು. ನಮ್ಮತ್ತೆ ಮೀರಾಬಿಯವರಂತೂ ಪಾಕೀಟುಗಳನ್ನು ಬಟ್ಟೆಯ ಜೊತೆ ತಂತಿಗೆ ಒಣಹಾಕುತ್ತಿದ್ದರು. ಈಗ ಎಲ್ಲವನ್ನೂ ಒಂದೇ ಬಕೆಟ್ಟಿಗೆ ಸುರಿಯುತ್ತಾರೆ. ಕೇಳಿದರೆ, ಗಾಡಿಯವರೇ ಕಲಸುವಾಗ ನಾವ್ಯಾಕೆ ಒದ್ದಾಡಬೇಕು ಎನ್ನುತ್ತಾರೆ. ಸಿಂಧನೂರಿನ ನನ್ನ ತಂಗಿಯೂ ಗಾಡಿಯವರು ಕಸ ಕಲಸುತ್ತಾರೆ ಎಂಬ ಆ ಇನ್ನೊಂದು ವಿಡಿಯೋ ನೋಡಿ ಬೇರೆ ಮಾಡುವುದನ್ನು ಬಿಟ್ಟಳಂತೆ.

ಆ ವಿಡಿಯೋ ನಮ್ಮವರ ಯೂಟ್ಯೂಬ್ ಚಾನೆಲ್ಲಿಗೆ ಯಾರೋ ಕಳಿಸಿದ್ದು ಎಂದು ನಿನಗೆ ಹೇಳಿದ್ದೆ. ಸುಳ್ಳು ಹೇಳಿದ್ದೆ. ಮಾಳಿಗೆಯ ಮೇಲೆ ನಿಂತು ತೆಗೆದವಳು ನಾನೇ. ಅವತ್ತು ಹಸಿ ಕಸದ ಗಾಡಿ ಕೆಟ್ಟಿತ್ತು, ಎರಡನ್ನೂ ಒಂದೇ ಗಾಡಿಗೆ ಏರಿಸುತ್ತಿದ್ದರು. ಅಂಥ ದಿನ ನೀವು ಕಸದ ಕೆಲಸದ ಹೆಂಗಸರು ಒಣ ಕಸವನ್ನು ಗೊಬ್ಬರದ ಚೀಲಕ್ಕೆ ತುಂಬಿ, ಹಳೇ ಸೀರೆಯಂಚಿನಿಂದ ಬಾಯಿ ಬಿಗಿದು, ನಿಮ್ಮ ಒಣ ಕಸದ ಶೆಡ್ಡಿನಲ್ಲಿ ಬೇರೆಯಾಗಿ ಇಳಿಸಿಕೊಳ್ಳುತ್ತೀರಿ ಎಂಬುದು ನನಗೇನು ಗೊತ್ತಿತ್ತು? ಮೇಲಿನಿಂದ ಎಲ್ಲ ಒಂದೇ ರಾಶಿಯಾಗಿ ಕಂಡಿತು. ದೊಡ್ಡ ಕಳ್ಳತನ ಹಿಡಿದವಳ ಹಾಗೆ ಜುಲ್ಫಿಕರ್‌ಗೆ ಕಳಿಸಿದೆ. ಅವರು ಅದಕ್ಕೆ ತಮ್ಮ ದನಿ ಸೇರಿಸಿ ಹಾಕಿದರು.

ಮಾರನೇ ದಿನ ನೀನು ಮನೆಗೆ ಬಂದೆ. "ನಿನ್ನ ಗಂಡಗ ಒಂದ್ ಮಾತು ಹೇಳು, ಶೆಡ್ಡಿಗೆ ಬಂದು ಚೀಲ ನೋಡಿ ಹೋಗ್ಲಿ" ಎಂದೆ. ನಾನು ಚಹಾ ಕೊಟ್ಟು ಕಳಿಸಿದೆ. ನೀನು ಹೋದ ಮೇಲೆ ಒಬ್ಬಳೇ ಶೆಡ್ಡಿಗೆ ಹೋಗಿ ಚೀಲಗಳನ್ನು ಕಣ್ಣಾರೆ ನೋಡಿ ಬಂದೆ, ನಮ್ಮವರಿಗೂ ಹೇಳಿದೆ. "ತಪ್ಪಾಗೇತಿ ಅಂತ ಹಾಕಿದ್ರ ಯಾರ್ ನೋಡ್ತಾರ ಬೇ? ನಾಳಿಂದ ನನ್ನ ಮಾತು ಯಾರೂ ನಂಬಂಗಿಲ್ಲ" ಎಂದರು. ಅವರ ಚಾನೆಲ್ಲನ್ನು ಅಷ್ಟು ಮಂದಿ ನೋಡಿದ್ದು ಅದೇ ಮೊದಲು. ನಾನು ಬಾಯಿ ಮುಚ್ಚಿಕೊಂಡೆ.

ಶೆಡ್ಡಿನ ಎಂಟು ಹೆಂಗಸರಲ್ಲಿ ನಿನ್ನನ್ನೂ ಸೇರಿಸಿ ಐವರನ್ನು ಪುರಸಭೆಯವರು ಕೆಲಸಕ್ಕೆ ಬರಬೇಡಿ ಎಂದರು, ನೀನು ಮಸ್ಕಿಗೆ, ತವರಿಗೆ ಹೋದೆ. ಈ ತಿಂಗಳ ಕೊನೆಯವರೆಗೂ ಒಣ ಕಸ ಬರದಿದ್ದರೆ ಶೆಡ್ಡಿಗೆ ಬೀಗ ಹಾಕುತ್ತಾರಂತೆ. ನನಗೆ ನಾಚಿಕೆಯಾಗಿದೆ ರೇಣುಕಾ. ಗಂಡನ ಮರ್ಯಾದೆ ಕಾಯಲು ಹೋಗಿ ನಿನ್ನ ಕೆಲಸ ಕಳೆದೆ.

ಬೈಯುವುದಕ್ಕಾದರೂ ಒಮ್ಮೆ ಫೋನ್ ಮಾಡು.

ನಿನ್ನ
ಅರ್ಜುಮಂದ್

ತಾ.ಕ.: ಅವರು ಜುಮ್ಮಾ ನಮಾಜಿಗೆ ಹೋಗುವಾಗ ಫೋನ್ ಚಾರ್ಜಿಗಿಟ್ಟು ಹೋದರು. ಅಡುಗೆಮನೆಯಲ್ಲಿ ಅದೇ ಫೋನಿನ ಮುಂದೆ ಕೂತು, ಮುಖ ಮುಚ್ಚಿಕೊಳ್ಳದೆ, ಈ ಕಾಗದವನ್ನೇ ಗಟ್ಟಿಯಾಗಿ ಓದಿ ಅವರ ಚಾನೆಲ್ಲಿಗೆ ಹಾಕಿದ್ದೇನೆ, ಅವರಾಡಿದ ಮಾತನ್ನೂ ಬಿಡದೆ. ಇಲ್ಲಿಯವರೆಗೆ ಹನ್ನೊಂದು ಜನ ನೋಡಿದ್ದಾರೆ. ಹೊರಗೆ ಅವರ ಬೈಕ್ ಬಂದು ನಿಂತಿತು.