ಕೌದಿಯ ಹೊಟ್ಟೆ

ನಿಪ್ಪಾಣಿ
ಸೋಮವಾರ, ೧೭ ಫೆಬ್ರುವರಿ ೨೦೨೫

ಪ್ರೀತಿಯ ಅವ್ವಾ,

ಹೇಗಿದ್ದೀ? ಮಂಡಿನೋವು ಇಳಿಯಿತೇ? ನೀವು ಈಗ ಕುರಿ ತರುಬಿ ಬೀಡುಬಿಟ್ಟಿರುವ ಹೊಲದಲ್ಲಿ ಫೋನು ಹತ್ತುವುದಿಲ್ಲವೆಂದು ಲಗಮಣ್ಣಕಾಕಾ ಹೇಳಿದ. ನಾಳೆ ಅವನು ಜೋಳದ ಹಿಟ್ಟು ತೆಗೆದುಕೊಂಡು ನಿಮ್ಮ ಕಡೆ ಬರುತ್ತಾನಂತೆ, ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ತಮ್ಮ ಮಾಳೇಶನಿಂದ ಓದಿಸಿಕೋ. ಅವನು ಅರ್ಧ ಓದಿ ಅರ್ಧ ನುಂಗುತ್ತಾನೆ, ಕಿವಿ ಹಿಂಡಿ ಪೂರ್ತಿ ಓದಿಸು. ನಾನು ಆರಾಮಿದ್ದೇನೆ ಎಂದು ಬರೆಯಬೇಕು, ಆದರೆ ಸಾಕಾಗಿದೆ ಅವ್ವಾ. ಇಡೀ ದಿನ ಮ್ಯೂಸಿಯಮ್ಮಿನಲ್ಲಿ ನಿಂತು, ಬಂದವರಿಗೆ ಮುಟ್ಟಬೇಡಿ ಎನ್ನುವುದೇ ನನ್ನ ಕೆಲಸ. ಅಲ್ಲಿರುವುದು ಒಂದೇ ಕುರ್ಚಿ. ಅದೂ ಕಲೆಯಂತೆ, ಕೂಡುವಂತಿಲ್ಲ. ಸಂಜೆ ಮನೆಗೆ ಬಂದರೆ ಒಲೆ ಹಚ್ಚಲೂ ಬೇಸರ.

ನೀನು ಕಟ್ಟಡವನ್ನು ನೋಡಿಲ್ಲವಲ್ಲ. ತಂಬಾಕಿನ ಮೂಟೆ ಒಟ್ಟುತ್ತಿದ್ದ ಹಳೆಯ ವಖಾರಿ ಅದು. ಹೊರಗಿನ ಕಲ್ಲುಗೋಡೆ ಹಾಗೆಯೇ ಬಿಟ್ಟು, ಒಳಗೆ ಬೇರೆ ಬಿಳಿ ಗೋಡೆ ಎಬ್ಬಿಸಿದ್ದಾರೆ. ತಗಡಿನ ಛಾವಣಿಯನ್ನು ಉತ್ತರದ ಕಡೆ ಕತ್ತರಿಸಿ ಗಾಜು ಕೂಡಿಸಿದ್ದಾರೆ; ಬಿಸಿಲು ಬೀಳುವುದಿಲ್ಲ, ಬೆಳಕಷ್ಟೇ ಇಳಿಯುತ್ತದೆ. ಅದು ಮಾತ್ರ ಚೆಂದ. ಎಷ್ಟು ಬಣ್ಣ ಬಳಿದರೂ ತಂಬಾಕಿನ ಘಾಟು ಹೋಗಿಲ್ಲ, ದೊಡ್ಡ ದೊಡ್ಡವರು ಚಿತ್ರದ ಮುಂದೆ ಕೈಕಟ್ಟಿ ನಿಂತು ಸೀನುತ್ತಾರೆ. ಕಬ್ಬಿನ ಗಾಣದ ಹಲ್ಲುಗಳನ್ನು ಬೆಸೆದು ಮಾಡಿದ ಕಬ್ಬಿಣದ ಹೆಂಗಸು ಬಾಗಿಲಲ್ಲೇ ನಿಂತಿದ್ದಾಳೆ. ಮಹಡಿಯ ಕತ್ತಲ ಕೋಣೆಯ ಗೋಡೆಯ ಮೇಲೆ ನಮ್ಮ ಕೃಷ್ಣಾ ಹೊಳೆ ವಿಡಿಯೊದಲ್ಲಿ ಬಿಡದೆ ಹರಿಯುತ್ತದೆ. ಕೆಳಗಿನ ದೊಡ್ಡ ಕೋಣೆಯಲ್ಲಿ ಪೂರ್ತಿ ಕಪ್ಪು ಚಿತ್ರವೊಂದಿದೆ. ವಾಚಮನ್ ಪೀರಸಾಬಚಾಚಾ, ಮೊದಲು ಇದೇ ವಖಾರಿಯಲ್ಲಿ ಹಮಾಲನಾಗಿದ್ದವನು, ಅದನ್ನು ನೋಡಿ, "ನಮ್ಮ ಮನ್ಯಾಗ ಮಮತಾಜ ದಿನಾ ಇಂಥಾ ತವಾ ತಿಕ್ಕತಾಳ, ಆಕೀನ್ನ ಯಾರೂ ಇಲ್ಲಿಗೆ ಕರದಿಲ್ಲ ನೋಡವಾ" ಅನ್ನುತ್ತಾನೆ.

ಆ ಕಪ್ಪು ಚಿತ್ರದ ಎದುರಿಗೇ ನಿನ್ನ ಕೌದಿ ತೂಗುಹಾಕಿದ್ದಾರೆ, ನನ್ನ ಕೂಸಿಗೆ ಹೊದಿಸಲೆಂದು ಹಳೆ ಸೀರೆಯ ತೇಪೆ ಕೂಡಿಸಿ ನೀನು ಹೊಲಿದದ್ದು. ಕೂಸು ಉಳಿಯಲಿಲ್ಲ. ಕೌದಿ ಹುಡುಕುತ್ತ ಮ್ಯೂಸಿಯಮ್ಮಿನವರು ನಮ್ಮೂರು ಅಂಕಲಿಗೆ ಬಂದಾಗ, "ಒಯ್ರಿ, ನನ್ನ ಕಣ್ಣಮುಂದ ಬ್ಯಾಡ" ಎಂದು ನೀನು ಕೊಟ್ಟುಬಿಟ್ಟೆ. ಆಗ ನನಗೂ ಅದು ಬೇಡವಾಗಿತ್ತು. ಹಣೆಬರಹ ನೋಡು, ಈಗ ದಿನವೂ ಅದರ ಮುಂದೆಯೇ ನಿಲ್ಲುತ್ತೇನೆ. ಕೆಳಗಿನ ಚೀಟಿಯಲ್ಲಿ 'ಶೀರ್ಷಿಕೆ ಇಲ್ಲ' ಎಂದಿದೆ. ಕೂಸಿಗೂ ನಾವು ಹೆಸರಿಟ್ಟಿರಲಿಲ್ಲ.

ಹೋದ ವಾರ ಆ ಬಿಳಿ ಗೋಡೆಯ ಮೇಲೆ ಇರುವೆಯ ಸಾಲು ಹತ್ತಿತ್ತು, ಸೀದಾ ಕೌದಿಗೆ. ಎಲ್ಲರೂ ಹೌಹಾರಿದರು. ಕಡೆಯ ತೇಪೆ ಹಚ್ಚುವ ಮುಂಚೆ ನಾವು ರೊಟ್ಟಿ ಬೆಲ್ಲದ ಚೂರು ಒಳಗಿಡುತ್ತೇವೆ, ಕೌದಿಯ ಹೊಟ್ಟೆ ಹಸಿದರೆ ಹೊದ್ದವರೂ ಹಸಿಯುತ್ತಾರೆ ಎಂದು ಹೇಳಿದೆ. ಔಷಧ ಹೊಡೆದರು. ಇರುವೆ ಮತ್ತೆ ಬಂದವು. ಕೊನೆಗೆ ಮ್ಯೂಸಿಯಮ್ಮು ನೋಡಿಕೊಳ್ಳುವ ನಮ್ಮ ಧಾರವಾಡದ ಮೇಡಂ, "ನೀನ ಬಿಚ್ಚು ಕೋಮಲ, ಬೇರೆಯವರು ಹರದಿಡತಾರ. ಇನ್ನೊಮ್ಮೆ ಇರವಿ ಬಂದ್ರ ಇದನ್ನ ನಿಮ್ಮವ್ವಗ ತಿರಗಿ ಕೊಡೋದ ಆಗತೈತಿ, ಉಳದ ಚಿತ್ರ ಕೆಡತಾವು" ಅಂದರು. ಒಳ್ಳೆಯ ಹೆಂಗಸು, ತಪ್ಪು ತಿಳಿಯಬೇಡ. ಮೊನ್ನೆ ನಿನ್ನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದೆ. ಎಷ್ಟು ಸಣ್ಣ ಹೊಲಿಗೆ ಅವ್ವಾ. ನೀನಿಟ್ಟ ರೊಟ್ಟಿ ಪುಡಿಯಾಗಿತ್ತು. ಅದನ್ನು ಝಾಡಿಸಿದೆ. ತೇಪೆ ಮತ್ತೆ ಹೊಲಿದು ಕೊಟ್ಟೆ, ಅವರು ಗೋಡೆಗೇರಿಸಿದರು.

ನಿನ್ನ ಅಳಿಯ ಬಾಳೇಶ ಕಬ್ಬಿನ ಟ್ರ್ಯಾಕ್ಟರ್ ಮೇಲೆ ರಾಯಬಾಗದ ಕಡೆಯೇ ಇದ್ದಾನೆ, ನಿನಗೆ ಶರಣು ಹೇಳಿದ್ದಾನೆ. ಬೀರಪ್ಪ ನಿಮ್ಮನ್ನೂ ಕುರಿಗಳನ್ನೂ ತಣ್ಣಗಿಟ್ಟಿರಲಿ.

ನಿನ್ನ ಮಗಳು,
ಕೋಮಲ

ತಾ.ಕ.: ಲಗಮಣ್ಣಕಾಕಾ ಇವತ್ತೇ ಹೊರಟಿದ್ದಾನಂತೆ, ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಮಾಳೇಶಾ, ಇದನ್ನು ಮಾತ್ರ ನುಂಗಬೇಡ. ಅವ್ವಾ, ಹಸಿದ ಹೊಟ್ಟೆ ಹೊಲಿಯಲು ನನಗೆ ಮನಸ್ಸಾಗಲಿಲ್ಲ. ಮೇಡಂ ಫೋನಿನಲ್ಲಿದ್ದಾಗ ನನ್ನ ಡಬ್ಬಿಯ ರೊಟ್ಟಿ ಮುರಿದು ಒಳಗಿಟ್ಟೇ ಹೊಲಿದೆ. ಬೆಲ್ಲವನ್ನು ನಿನಗಿಂತ ಹೆಚ್ಚೇ ಇಟ್ಟಿದ್ದೇನೆ. ಇರುವೆ ಬರಲಿ. ನನ್ನ ಈ ದಣಿವು ಬರೀ ನಿಂತದ್ದರಿಂದಲ್ಲ, ನನಗೀಗ ಮೂರು ತಿಂಗಳು ತುಂಬಿತು. ಅಪಶಕುನ ಅನ್ನಬೇಡ, ಆ ಕೌದಿಯನ್ನು ಇನ್ನೂ ಯಾರೂ ಹೊದ್ದಿಲ್ಲ. ಶ್ರಾವಣದೊಳಗೆ ಅದು ಮನೆಗೆ ಬರಬೇಕು. ನೀನೂ ಬರಬೇಕು.