ಮೇಮ್‌ಸಾಹೇಬಳ ಹಣೆಯ ಮೊಸರಕ್ಕಿ

ಬ್ರೂನೈ, ಇಂಗ್ಲಿಷರ ಗೂರ್ಖಾ ಪಲ್ಟನ್ ಲೈನು
೧೪ ನವೆಂಬರ್ ೧೯೮೮

ಓಂಬೀರನಿಗೆ, ನಿನ್ನ ಹೆಂಡತಿ ದಿಲ್‌ಸರಾ ಬರೆಯುವುದು.

ಹೆಸರು ಹಿಡಿದೇ ಕರೆದಿದ್ದೇನೆ. ಗಂಡನ ಹೆಸರು ಹೆಂಡತಿಯ ಬಾಯಿಗೆ ಬಂದರೆ ಅವನ ಆಯುಸ್ಸು ಸವೆಯುತ್ತದೆ ಎಂದು ನಿನ್ನಮ್ಮ ಊರಲ್ಲಿ, ಪಾಲ್ಪಾದ ಮನೆಯ ಜಗಲಿಯಲ್ಲಿ ಕೂತು ಹೆದರಿಸುತ್ತಿದ್ದಳು. ನೀನು ಹೆದರಬೇಡ. ಬೆನ್ನು ಬಗ್ಗಿಸಿ ನಡೆಯುವವರಿಗೆ ಆಯುಸ್ಸು ಗಟ್ಟಿ.

ನಿನ್ನ ಕಾಗದ ಬಂತು. ಇಂಗ್ಲೆಂಡಿನ ಬೆಟ್ಟದ ಚಳಿ, ನೆನೆದ ಬೂಟು, ತರಬೇತಿ ಮುಗಿದರೆ ತೋಳಿಗೆ ಬರುವ ಪಟ್ಟಿ, ಎಲ್ಲ ಓದಿದೆ. ಕೊನೆಗೆ ಬರೆದಿದ್ದೀಯ: "ತಪ್ಪಾಯ್ತು ಅಂದ್ಬಿಡು ದಿಲೂ. ನಾಲಿಗೆಗೇನು ಮೂಳೆ ಇದೆಯಾ ಮುರಿಯೋಕೆ?" ನಾಲಿಗೆಗೆ ಮೂಳೆ ಇಲ್ಲ, ನಿಜ. ನಿನಗೆ ಬೇರೆ ಕಡೆಯೂ ಇಲ್ಲ ಎಂಬುದು ನನಗೆ ಈಗ ತಿಳಿಯಿತು.

ನಡೆದದ್ದನ್ನು ಸಾಹೇಬರ ಕಡೆಯವರು ನಿನಗೆ ತಮಗೆ ಬೇಕಾದಂತೆ ಹೇಳಿದ್ದಾರೆ. ನನ್ನಿಂದಲೂ ಕೇಳು.

ದಶೈಂ ಹಬ್ಬದ ದಿನ ನಮ್ಮನ್ನೆಲ್ಲ ಕ್ಲಬ್ಬಿನ ಹುಲ್ಲಿನ ಮೇಲೆ ಸಾಲಾಗಿ ಕೂರಿಸಿದರು. ಗಂಡನ ತೋಳಿನಲ್ಲಿ ಪಟ್ಟಿ ಎಷ್ಟೋ ಹೆಂಡತಿಯ ಕುರ್ಚಿ ಅಷ್ಟು ಮುಂದೆ. ಸಿಪಾಯಿಯ ಹೆಂಡತಿಗೆ ಕುರ್ಚಿಯೇ ಇಲ್ಲ, ಚಾಪೆ. ಪೇಟೆಯ ಬಸ್ಸಿನಲ್ಲೂ ಹಾಗೇ, ಆಸ್ಪತ್ರೆಯ ಬಾಗಿಲಲ್ಲೂ ಹಾಗೇ. ಬಂದೂಕು ಹಿಡಿದವರು ನೀವು, ಸೆಲ್ಯೂಟು ಹೊಡೆಯಬೇಕಾದವರು ನಾವೂ. ಹವಾಲ್ದಾರನ ಹೆಂಡತಿ, ಆ ಗುರುಮಾ, ವಾರಕ್ಕೊಮ್ಮೆ ಬಂದು ನನ್ನ ಒಲೆಯ ಹಿಂದೆ ಬೆರಳಾಡಿಸಿ, ಆ ಬೆರಳನ್ನು ನನ್ನ ಮೂಗಿಗೇ ಹಿಡಿಯುತ್ತಾಳೆ. ಸೊಪ್ಪನ್ನು ಹುಳಿ ಬರಿಸಿ ಗುಂದ್ರುಕ್ ಮಾಡಿ ಬಾಲ್ಕನಿಯಲ್ಲಿ ಒಣಹಾಕಿದ್ದೆ. "ಇಂಗ್ಲಿಷರ ಮೂಗಿಗೆ ಬಡಿಯುತ್ತೆ ಕಣೇ ಇದು" ಎಂದು ನನ್ನ ಕೈಯಿಂದಲೇ ಕಸಕ್ಕೆ ಸುರಿಸಿದಳು. ಅವರ ಯುದ್ಧಗಳಲ್ಲಿ ಕಾಡಿನ ಪಾಲಾದ ನಮ್ಮವರ ಹೆಣಗಳ ವಾಸನೆ ಆ ಮೂಗುಗಳಿಗೆ ಒಂದು ದಿನವೂ ಬಡಿಯಲಿಲ್ಲ. ಬಡಿದದ್ದು ನನ್ನ ಗುಂದ್ರುಕ್. ಮೆಸ್ಸಿನಲ್ಲಿ ಔತಣವಾದರೆ ಮೊಮೊ ಮಡಚುವವರೂ ನಾವೇ. ಅದಕ್ಕೆ ಸ್ವಯಂಸೇವೆ ಎಂದು ಹೆಸರು. ಸೇವೆಗೆ ಬರದವಳ ಗಂಡನಿಗೆ ಮಾರನೆಯ ದಿನ ಬಿಸಿಲಲ್ಲಿ ಕಾವಲು.

ಇರಲಿ. ಅವತ್ತು ತಟ್ಟೆ ಹಿಡಿದು ಬಂದ ಮೇಮ್‌ಸಾಹೇಬ ಯಾರು? ನಮ್ಮವನೇ ಆದ ಕ್ಯಾಪ್ಟನ್ ಸಾಹೇಬನ ಹೆಂಡತಿ, ನನ್ನ ದೊಡ್ಡಕ್ಕನ ಮಗಳು ಖಿಮಕಲಾ. ಬೆನ್ನಿಗೆ ಕಟ್ಟಿಕೊಂಡು ನಾನು ಜೋಳದ ಹೊಲ ಕಾಯ್ದ ಕೂಸು. ದಶೈಂ ದಿನ ಮೊಸರು, ಅಕ್ಕಿ, ಕುಂಕುಮ ಕಲೆಸಿ ಹಿರಿಯರು ಕಿರಿಯರ ಹಣೆಗೆ ಇಟ್ಟು ಹರಸಬೇಕು. ಊರಲ್ಲಿ ಹುಟ್ಟಿದ ನಾಯಿಗೂ ಇದು ಗೊತ್ತು. ಪಲ್ಟನ್ನಿನಲ್ಲಿ ಮಾತ್ರ ಹಿರಿತನವನ್ನು ದರ್ಜಿ ಭುಜದ ಮೇಲೆ ಹೊಲಿಯುತ್ತಾನೆ. ಹೋದ ವರ್ಷ ನಾನೂ ಅವಳ ಮುಂದೆ ಹಣೆ ಕೊಟ್ಟಿದ್ದೆ. ಈ ಸಲವೂ ಕೊಟ್ಟು ಏಳೋಣ ಎಂದೇ ಕೂತಿದ್ದೆ. ನಾನು ಹೂಡಿದ್ದ ಬಂಡಾಯ ಎಂದು ನಿನಗೆ ಹೇಳಿದ್ದರೆ ಅದು ಸುಳ್ಳು.

ಅವಳು ನನ್ನ ಮುಂದೆ ಬಂದಾಗ ಸೀರೆಯ ನೆರಿಗೆ ಕಾಲಿಗೆ ತೊಡರಿತು. ತಟ್ಟೆ ವಾಲಿತು, ನಾನು ಹಿಡಿದೆ. ತಟ್ಟೆ ಕೈಗೆ ಬಂದದ್ದೇ ಬೆರಳು ತನ್ನಷ್ಟಕ್ಕೆ ಮೊಸರಕ್ಕಿಗೆ ಇಳಿಯಿತು. ಅವಳ ಕತ್ತೂ ತನ್ನಷ್ಟಕ್ಕೆ ಬಗ್ಗಿತು. ಇಟ್ಟೆ. "ನೂರು ವರ್ಷ ಬಾಳು ಮಗಳೆ" ಅಂದೆ. "ಆಗ್ಲಿ ಚಿಕ್ಕಮ್ಮ" ಅಂದಳು. ಚಾಪೆಯ ಕಡೆಯಿಂದ ಯಾರೋ ಕಿಸಕ್ಕೆಂದರು. ಇದೂ ಕಾರ್ಯಕ್ರಮದ್ದೇ ಒಂದು ಭಾಗವೆಂದುಕೊಂಡು ಕರ್ನಲ್ಲನ ಬಿಳಿ ಹೆಂಡತಿ ಚಪ್ಪಾಳೆ ತಟ್ಟಿದಳು. ಕ್ಯಾಪ್ಟನ್ ಸಾಹೇಬನ ಮುಖ ಮಾತ್ರ ಬೂಟುಪಾಲೀಶಿನ ಬಣ್ಣಕ್ಕೆ ತಿರುಗಿತು.

ಸಂಜೆಗೇ ಹುಕುಂ ಬಂತು. ಲೈನಿನ ಹೆಂಗಸರೆಲ್ಲ ನೋಡುವಂತೆ ಖಿಮಕಲಾಳ ಪಾದ ಮುಟ್ಟಿ ತಪ್ಪಾಯಿತು ಅನ್ನಬೇಕು. ಇಲ್ಲವಾದರೆ ಕುಟುಂಬದ ಪರವಾನಗಿ ರದ್ದು.

ರದ್ದಾಗುವುದೆಂದರೆ ಏನೆಂದು ನನಗೆ ಕಲಿಸಬೇಡ. ಹದಿನೈದು ವರ್ಷದ ನೌಕರಿಯಲ್ಲಿ ಸಿಪಾಯಿಗೆ ಹೆಂಡತಿಯ ಜೊತೆ ಒಂದು ಸೂರಿನಡಿ ಇರಲು ಕೊಡುವುದು ಮೂರೇ ವರ್ಷ. ಅದರಲ್ಲಿ ಅರ್ಧ ಉಳಿದಿದೆ. ಈಗ ಹೋದರೆ ಮತ್ತೆ ಸಿಗದು. ಆಮೇಲೆ ನೀನು ರಜೆಗೆ ಬರುವ ನೆಂಟ, ನಾನು ದಾರಿ ಕಾಯುವ ಕಂಬ. ಮುಂಜಾನೆಯ ಓಟ ಮುಗಿಸಿ ಬೆವರಿನ ಬನಿಯನ್ನಿನಲ್ಲೇ ಬಂದು ನನ್ನ ಬೆನ್ನಿಗೆ ನಿಂತು ಬೇಳೆಯ ಪಾತ್ರೆಗೆ ಬೆರಳದ್ದುತ್ತಿದ್ದೆಯಲ್ಲ, ಅದನ್ನು ಕೈಯಾರೆ ಚೆಲ್ಲಲು ನನಗೇನು ಹುಚ್ಚೇ?

ಪಕ್ಕದ ಮನೆಯ ತುಲ್ಕಿಯೂ ನಿನ್ನ ಹಾಗೇ ಬುದ್ಧಿ ಹೇಳಿದಳು. "ಬಗ್ಗೋದೇನು ಮಹಾ ಅಕ್ಕ, ದಿನಾ ನೆಲ ಒರೆಸೋಕೆ ಬಗ್ಗಲ್ವಾ?" "ನೆಲ ನನ್ನನ್ನ ಒದೆಯಲ್ಲ ತಂಗಿ" ಅಂದೆ. ಪೊರಕೆ ಹಿಡಿದು ಒಳಗೆ ಹೋದಳು.

ಖಿಮಕಲಾ ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲಿಂದ ಬಂದಳು, ತಲೆಗೆ ಟವೆಲ್ಲು ಸುತ್ತಿಕೊಂಡು, ಕೋಳಿ ಕದ್ದವಳ ಹಾಗೆ.

"ಚಿಕ್ಕಮ್ಮ, ನೀನು ಬಗ್ಗು ಸಾಕು. ನಾನು ಕಾಲು ಹಿಂದಕ್ಕೆ ಎಳ್ಕೋತೀನಿ. ನೋಡೋರಿಗೆ ಮುಟ್ಟಿದ ಹಾಗೇ ಕಾಣುತ್ತೆ."

"ಎಳ್ಕೊಳ್ಳೋಕೆ ಆ ಕಾಲು ನಿನ್ನದಾ ಮಗಳೆ? ನಿನ್ನ ಗಂಡನ ಬೂಟೊಳಗಿದೆಯಲ್ಲ."

ಅತ್ತಳು. ಅವತ್ತಿನಿಂದ ಗಂಡ ಇವಳ ಮೇಲೆ ಉರಿದುಬೀಳುತ್ತಿದ್ದಾನಂತೆ. "ಎಲ್ಲರ ಮುಂದೆ ಕುರಿ ಹಾಗೆ ತಲೆ ಬಗ್ಗಿಸಿದೆ ಅಂತಾರೆ ಚಿಕ್ಕಮ್ಮ."

"ಕುರಿ ಹಾಗಲ್ಲ, ಮಗಳ ಹಾಗೆ ಅಂತ ಹೇಳು."

"ಹೇಳೋಕೆ ನೀನೇ ಬಾ ನಮ್ಮನೆಗೆ, ನನ್ನ ಹಲ್ಲು ಉಳಿಯುತ್ತೆ" ಎಂದು ಮೂಗೊರೆಸಿಕೊಂಡು ನಕ್ಕಳು. ಬಂಗಲೆಯಲ್ಲಿ ತಣ್ಣನೆ ಗಾಳಿಯ ಯಂತ್ರವಿದೆ, ಚಹಾ ಕುಡಿಯಲು ನನ್ನ ಅಡುಗೆಮನೆಗೆ ಬರಬೇಕು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಕತ್ತಿಗಾದರೂ ತಾನು ಯಾರ ಮಗಳೆಂದು ನೆನಪಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ನಾನು ಪಾದ ಮುಟ್ಟಲಿಲ್ಲ. ತಪ್ಪಾಯಿತು ಎನ್ನಲೂ ಇಲ್ಲ. ಶುಕ್ರವಾರದ ವಿಮಾನಕ್ಕೆ ನನ್ನ ಹೆಸರು ಬರೆದಾಗಿದೆ. ಪಾಲ್ಪಾದಲ್ಲಿ ನಿನ್ನಮ್ಮನ ಮನೆಗೆ ನಾನು ಹೋಗುವುದಿಲ್ಲ. ದೊಡ್ಡಕ್ಕ ಬುಟ್ವಲ್ ಬಸ್‌ಸ್ಟ್ಯಾಂಡಿನಲ್ಲಿ ಅಂಗಡಿ ಇಟ್ಟಿದ್ದಾಳೆ, ಅಲ್ಲಿಗೆ. ನಿನ್ನ ಬಟ್ಟೆ ಒಗೆದು ಟ್ರಂಕಿನಲ್ಲಿಟ್ಟಿದ್ದೇನೆ, ನುಸಿ ಹಿಡಿಯದಿರಲೆಂದು ಬೇವಿನೆಲೆ ಹಾಕಿದ್ದೇನೆ. ಬೀಗದ ಕೈ ತುಲ್ಕಿಯ ಹತ್ತಿರ ಇರುತ್ತದೆ.

ಪಟ್ಟಿ ಬರಲಿ. ಚೆನ್ನಾಗಿ ಹೊಲಿಸಿಕೊ.

ಕಾಗದದ ಮೇಲೆ ಇನ್ನೂ ನಿನ್ನ ಹೆಂಡತಿ,
ದಿಲ್‌ಸರಾ

ಮೇಲೆ ಬರೆಯದೆ ಬಿಟ್ಟ ಒಂದು ಮಾತು. ಪಲ್ಟನ್ ನನ್ನನ್ನು ಓಡಿಸುತ್ತಿದೆ ಎಂದು ನೀನು ತಿಳಿದಿರುತ್ತೀಯ. ಇಲ್ಲ. ನಿನ್ನ ಕಾಗದ ಓದಿದವಳೇ, ಪಾದ ಮುಟ್ಟುವುದಿಲ್ಲ ಎಂದು ಮುಖಕ್ಕೇ ಹೇಳಿಬರಲು ಕ್ಯಾಪ್ಟನ್ ಸಾಹೇಬನ ಆಫೀಸಿಗೆ ಹೋದೆ. ಅವನು ನಕ್ಕ. "ಅದೆಲ್ಲ ಮುಗೀತಲ್ಲ ತಾಯಿ. ನಿನ್ನ ಗಂಡ ಮೊನ್ನೆ ಇಂಗ್ಲೆಂಡಿಂದ ಫೋನ್ ಮಾಡಿ ನಿನ್ನ ಪರವಾಗಿ ತಪ್ಪೊಪ್ಪಿಕೊಂಡ. ಅವಳಿಗೆ ತಲೆ ಅಷ್ಟು ಸರಿ ಇಲ್ಲ ಸಾಹೇಬ್, ಮನಸ್ಸಿಗೆ ಹಚ್ಚಿಕೋಬೇಡಿ ಅಂದ. ನಿನ್ನ ಪರವಾನಗಿ ಹಾಗೇ ಇದೆ, ಹೋಗಿ ಅಡುಗೆ ನೋಡ್ಕೊ." ನನ್ನ ಉತ್ತರ ಬರುವವರೆಗೂ ನಿನಗೆ ತಡೆಯಲಾಗಲಿಲ್ಲ. ಅವನ ಮೇಜಿನ ಮುಂದೆ ನಿಂತೇ ಊರಿಗೆ ಟಿಕೆಟ್ಟು ಕೇಳಿದೆ. ತಲೆ ಸರಿ ಇಲ್ಲದವಳೆಂದು ತಕ್ಷಣ ಬರೆದುಕೊಟ್ಟರು.